ಪಟ್ಟಿಯ ಮೊದಲ ಹೆಸರು

ಒಂದೂರಿನ ಪರಂಪರೆ ಸಂಘದಲ್ಲಿ ಒಬ್ಬ ಗುಮಾಸ್ತನಿದ್ದ. ಸ್ವಾತಂತ್ರ್ಯೋತ್ಸವದಂದು ಹುತಾತ್ಮರ ಕಟ್ಟೆಯ ಮುಂದೆ ಹೋರಾಟಗಾರರ ಹೆಸರು ಓದುವುದು ಅವನ ಕೆಲಸ. ಪ್ರತಿ ಹೆಸರಿಗೂ ಆ ಮನೆಯವರು ಎದ್ದು, ಆ ಹೋರಾಟಗಾರರು ನಾಡಿಗೆ ಏನು ಕೊಟ್ಟರೆಂದು ಹೇಳಬೇಕು. ಹೇಳುವವರೆಗೆ ಮುಂದಿನ ಹೆಸರು ಓದುವಂತಿಲ್ಲ. ಅದು ಅಲ್ಲಿನ ರೂಢಿ.

ಈ ಸಲ ಸಂಘದ ಅಧ್ಯಕ್ಷ ನಿಜಗುಣಪ್ಪನವರು ಗದರಿದರು: "ನನ್ನ ಹೆಸರೇ ಮೊದಲು ಓದಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ!"

"ಆಗಲಿ ಸ್ವಾಮಿ," ಎಂದ ಗುಮಾಸ್ತ.

ಊರೆಲ್ಲ ನೆರೆಯಿತು. "ನಿಜಗುಣಪ್ಪನವರು!" ಎಂದು ಗುಮಾಸ್ತ ಗಟ್ಟಿಯಾಗಿ ಓದಿ, ರೂಢಿಯಂತೆ ಕಾದು ನಿಂತ. ಎಲ್ಲರೂ ಅಧ್ಯಕ್ಷರ ಹೆಂಡತಿಯತ್ತ ತಿರುಗಿದರು. ಆಕೆ ಎದ್ದು, ಗಂಡನ ಕಡೆ ತಿರುಗಿದರು.

"ಏನ್ರೀ, ಏನು ಕೊಟ್ಟಿದ್ದೀರಿ? ನೀವೇ ಹೇಳಿಬಿಡಿ."

ಅಧ್ಯಕ್ಷರ ಮುಖ ಕೆಂಪೇರಿತು. "ಮುಂದಿನದು ಓದೋ!" ಎಂದು ಪಿಸುಗುಟ್ಟಿದರು.

"ರೂಢಿ ಮುರಿಯೋಕಾಗುತ್ತಾ ಸ್ವಾಮಿ?"

"ಹಾಗಾದರೆ ನನ್ನ ಹೆಸರು ಹೊಡೆದುಹಾಕು, ಮಾರಾಯ!"

ಗುಮಾಸ್ತ ಹೊಡೆದುಹಾಕಿ, ಮುಂದಿನ ಹೆಸರು ಓದಿದ. ಒಬ್ಬ ಮುದುಕಿ ಎದ್ದಳು.

"ನಮ್ಮಪ್ಪ ಬಲಗೈ ಕೊಟ್ಟ," ಎಂದಳು. ಅಷ್ಟೆ.

ಅಧ್ಯಕ್ಷರು ಕುರ್ಚಿಯಿಂದ ಎದ್ದು, ಪೇಟ ತೆಗೆದು, ಮುದುಕಿಗೆ ಕೈಮುಗಿದರು. ಆಮೇಲೆ ಗುಮಾಸ್ತನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ನಿಧಾನವಾಗಿ ಓದಪ್ಪ. ಬರುವ ವರ್ಷವೂ ನೀನೇ ಓದು."