ಅಲಸಂದೆಯ ಬೇರಿನ ಗಂಟು

“ಗುರುಗಳೇ, ಹಾಲಪ್ಪನನ್ನು ನನ್ನ ಕೋಣೆಯಿಂದ ಬೇರೆ ಕಡೆಗೆ ಕಳಿಸುತ್ತೀರಾ?” ಎಂದು ಶಿಷ್ಯ ಕೊಟ್ರಯ್ಯ ಕೇಳಿದ. “ಸದಾ ನನಗೇ ಅಂಟಿಕೊಂಡಿರುತ್ತಾನೆ. ಒಂದೊಂದು ಪಾಠವನ್ನೂ ಅವನಿಗೆ ಮೂರು ಸಲ ಹೇಳಿಕೊಡಬೇಕು. ಒಬ್ಬನೇ ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಎಷ್ಟೋ ಮುಂದೆ ಹೋಗಿರುತ್ತಿದ್ದೆ.”

ಗುರುಗಳು ಒಂದು ಕತೆ ಹೇಳಿದರು.

ಗೋಣಿಬಸಪ್ಪ ಎಂಬ ಒಬ್ಬ ರೈತನಿದ್ದ. ಅವನಿಗೆ ನಾಲ್ಕು ಎಮ್ಮೆ. ಅವುಗಳ ಮೇವಿಗೆಂದೇ ಒಂದು ತುಂಡು ಹೊಲ. ಪ್ರತಿ ಸಲವೂ ಅದರಲ್ಲಿ ಮೆಕ್ಕೆಜೋಳವನ್ನೇ ಬಿತ್ತುತ್ತಿದ್ದ. ಆಳೆತ್ತರದ ದಂಟುಗಳನ್ನು ನೋಡಿ ಬೀಗುತ್ತಿದ್ದ. ಎಮ್ಮೆಗಳು ಹೊಟ್ಟೆ ತುಂಬ ತಿನ್ನುತ್ತಿದ್ದವು. ಆದರೂ ಪಕ್ಕೆಲುಬು ಕಾಣುತ್ತಿತ್ತು, ಹಾಲು ಕಡಿಮೆಯಾಗುತ್ತಿತ್ತು. ಕೊನೆಗೆ ಎರಡು ಎಮ್ಮೆಗಳನ್ನು ಮಾರಿಬಿಡುವುದೆಂದು ದಲ್ಲಾಳಿಗೆ ಹೇಳಿ ಕಳಿಸಿದ. “ಹೊಸ ಮೇವು ತಿಂದು ಸ್ವಲ್ಪ ಮೈ ತುಂಬಲಿ, ಬರುತ್ತೇನೆ” ಎಂದ ದಲ್ಲಾಳಿ.

ಗೋಣಿಬಸಪ್ಪನ ಹೆಂಡತಿ ಕೆಂಚಮ್ಮ ತವರಿನಿಂದ ಅಲಸಂದೆ ಬೀಜ ತಂದಳು. ಜೋಳದ ಸಾಲುಗಳ ನಡುವೆ ಅದನ್ನೂ ಬಿತ್ತೋಣ ಎಂದಳು. ಅವನು ಒಪ್ಪಲಿಲ್ಲ, ಅವಳು ಬಿಡಲಿಲ್ಲ. ಮೂರು ದಿನ ವಾದ ನಡೆದ ಮೇಲೆ ಅವನು ಅರ್ಧ ಹೊಲವನ್ನು ಅವಳಿಗೆ ಬಿಟ್ಟ. ಜೋಳ ಮೊಳೆತ ಹತ್ತನೆಯ ದಿನ ಅವಳು ಅಲಸಂದೆ ಬಿತ್ತಿದಳು.

ತಿಂಗಳು ಕಳೆಯಿತು. ಬಳ್ಳಿಗಳು ದಂಟಿಗೆ ಸುತ್ತಿಕೊಂಡು ಮೇಲೇರತೊಡಗಿದವು. ಅದನ್ನು ಕಂಡರೆ ಗೋಣಿಬಸಪ್ಪನಿಗೆ ಮೈಯೆಲ್ಲ ಉರಿ. ಒಂದು ಮುಂಜಾನೆ ತಡೆಯಲಾರದೆ ಒಂದು ಬಳ್ಳಿಯನ್ನು ಕಿತ್ತ. ಬೇರಿನ ತುಂಬ ಗಂಟು! ಸಾಸಿವೆಯಷ್ಟು, ಕಡಲೆಯಷ್ಟು, ನೂರಾರು. ರೋಗ! ಇದು ಹರಡಿದರೆ ಜೋಳವೂ ಹೋಯಿತು, ಎಮ್ಮೆಗಳೂ ಹೋದವು. ಅವನು ಎರಡೂ ಕೈಯಿಂದ ಕೀಳುತ್ತಾ ಸಾಲಿನುದ್ದಕ್ಕೂ ಓಡಿದ.

ಕೆಂಚಮ್ಮ ಓಡಿಬಂದು ಅವನ ಮುಂಗೈ ಹಿಡಿದಳು.

“ನಿಲ್ರಿ! ಒಂದು ಗಂಟು ಒಡೆದು ನೋಡ್ರಿ, ಆಮೇಲೆ ಕೀಳ್ರಿ.”

“ಏನಿರುತ್ತೆ ಅದರೊಳಗೆ? ಹುಳ!”

ಉಗುರಿನಿಂದ ಒಡೆದ. ಹುಳವಿರಲಿಲ್ಲ. ಒಳಗೆ ತಿಳಿಗೆಂಪು ಬಣ್ಣ, ಎಳೆ ಮಗುವಿನ ಒಸಡಿನಂತೆ.

“ಅದು ರೋಗ ಅಲ್ಲರಿ. ನೆಲಕ್ಕೆ ಗೊಬ್ಬರ ಮಾಡೋದೇ ಆ ಗಂಟು. ಅಪ್ಪ ನನಗೆ ತೋರಿಸಿಕೊಟ್ಟಿದ್ದು” ಎಂದಳು ಕೆಂಚಮ್ಮ.

ಅವನು ನಂಬಲಿಲ್ಲ, ಆದರೆ ಕೀಳುವುದನ್ನು ನಿಲ್ಲಿಸಿದ. ಆಮೇಲೆ ಹದಿನೈದು ದಿನ ಮಳೆ ಕೈಕೊಟ್ಟಿತು. ಅವನ ಪಾಲಿನಲ್ಲಿ ಜೋಳದ ಗರಿ ಸುರುಳಿ ಸುತ್ತಿತು. ಅವಳ ಪಾಲಿನಲ್ಲಿ ಬಳ್ಳಿ ನೆಲವನ್ನೇ ಮುಚ್ಚಿತ್ತು. ಅವನು ಎಲೆ ಸರಿಸಿ ಮಣ್ಣಿಗೆ ಬೆರಳಿಟ್ಟ. ತಂಪು! ತಲೆಯೆತ್ತಿ ನೋಡಿದ. ಅಲ್ಲಿನ ಜೋಳ ಕಡುಹಸಿರಾಗಿ ನಿಂತಿತ್ತು.

ಮೇವು ಕೊಯ್ಲಿಗೆ ಬಂತು. ಅವನು ಪರೀಕ್ಷೆಯೊಂದನ್ನು ಹೂಡಿದ. ಎರಡು ಎಮ್ಮೆಗಳಿಗೆ ತನ್ನ ಪಾಲಿನ ಬರಿಯ ಜೋಳ. ಮಾರಬೇಕೆಂದಿದ್ದ ಎರಡಕ್ಕೆ ಅವಳ ಪಾಲಿನ ಬೆರಕೆ ಮೇವು. ಮೊದಲ ದಿನವೇ ಜೋಳ ತಿನ್ನುವ ಎಮ್ಮೆಗಳು ಹಗ್ಗ ಜಗ್ಗಿ ಪಕ್ಕದ ಗೋದಲಿಗೆ ಬಾಯಿ ಹಾಕಿದವು. ನಾಲ್ಕನೆಯ ದಿನ ಬೆರಕೆ ಮೇವು ತಿಂದ ಎಮ್ಮೆಗಳ ಹಾಲು ಸ್ವಲ್ಪ ಏರಿತು. ಅವನು ಯಾರಿಗೂ ಹೇಳಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಕರೆಯುತ್ತಿದ್ದಂತೆ ನೊರೆ ತಂಬಿಗೆಯ ಕಂಠ ದಾಟಿತು.

“ಕೆಂಚಮ್ಮಾ, ಇನ್ನೊಂದು ತಂಬಿಗೆ! ಬೇಗ ತಾ, ಚೆಲ್ಲಿ ಹೋಗ್ತದೆ!” ಎಂದು ಕೂಗಿದ ಕೂಗಿಗೆ ಕೇರಿಯವರೆಲ್ಲ ಹೊರಗೆ ಬಂದರು.

ಅದೇ ಹೊತ್ತಿಗೆ ದಲ್ಲಾಳಿ ಬಂದ. ಎಮ್ಮೆಗಳ ಮೈ ಸವರಿ, ಹಗ್ಗಕ್ಕೆ ಕೈ ಹಾಕಿದ. ಗೋಣಿಬಸಪ್ಪ ಹಗ್ಗ ಕಿತ್ತುಕೊಂಡ. ಅವನನ್ನು ಕೂರಿಸಿ, ನೊರೆಹಾಲು ಕುಡಿಸಿ, ಬರಿಗೈಯಲ್ಲಿ ಕಳಿಸಿದ. ಆಮೇಲೆ ಹೊಲಕ್ಕೆ ಓಡಿ, ಅಲಸಂದೆಯ ಒಂದು ಬೇರನ್ನು ಕಿತ್ತು ತಂದು ಮನೆಮನೆಗೂ ತೋರಿಸಿದ: “ನೋಡ್ರಿ, ಇದನ್ನ ನಾನು ರೋಗ ಅಂದಿದ್ದೆ!”

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯನ ಕಣ್ಣು ಹೊಳೆಯುತ್ತಿತ್ತು. ಕೂತಲ್ಲಿಂದ ಅರ್ಧ ಎದ್ದೇ ಬಿಟ್ಟಿದ್ದ.

“ತಿಳಿಯಿತು ಗುರುಗಳೇ! ಹಾಲಪ್ಪ ನನ್ನ ಜೊತೆಯಲ್ಲೇ ಇರಲಿ. ಜೋಳದ ದಂಟಿನ ಹಾಗೆ ನಾನು ಅವನಿಗೆ ಆಸರೆಯಾಗಿ ನಿಲ್ಲುತ್ತೇನೆ.”

ಗುರುಗಳು ಅವನ ಮುಖವನ್ನೇ ನೋಡಿದರು.

“ನಿಮ್ಮಿಬ್ಬರಲ್ಲಿ ದಂಟು ನೀನೇ ಎಂದು ಯಾರು ಹೇಳಿದರು?”