ನಿಂಬೆವ್ವನ ನಂದಿಬಟ್ಟಲು

ಎರೆಗೊಪ್ಪದ ಹಳ್ಳದ ದಂಡೆಗೆ ಒಂದು ಹುಲ್ಲಿನ ಗುಡಿಸಲು. ಒಳಗೆ ಒಂದು ಕಂಬಳಿ, ಒಂದು ಗಡಿಗೆ, ಎರಡು ತಾಟು. ಒಂದು ತಾಟು ತಮಗೆ, ಇನ್ನೊಂದು ಬಂದವರಿಗೆ. ಪರಮಪೂಜ್ಯ ಅಡವಯ್ಯಜ್ಜನವರ ಮಠವೆಂದರೆ ಅಷ್ಟೇ. ಆನೆ ಅಂಬಾರಿ ಇದ್ದ ಮಠಗಳನ್ನು ಕಂಡವರು ಬೇಕಾದಷ್ಟು ಜನ ಇದ್ದಾರೆ. ಆ ಎರಡನೆಯ ತಾಟಿನ ಮುಂದೆ ಆನೆಯೂ ಸಣ್ಣದೇ.

ಅದೇ ಊರಿನಲ್ಲಿ ಗದಿಗೆಪ್ಪನೆಂಬ ಪೈಲವಾನನಿದ್ದ. ಅವನು ಗರಡಿಯಲ್ಲಿ ತೊಡೆ ತಟ್ಟಿದರೆ ಆಚೆ ಊರಿನ ಎತ್ತುಗಳು ಕಣ್ಣಿ ಹರಿದುಕೊಳ್ಳುತ್ತಿದ್ದವು. ಸುಳ್ಳಲ್ಲ, ಆ ಎತ್ತುಗಳನ್ನು ಹುಡುಕಿಕೊಂಡು ಬಂದವರೇ ಹೇಳಿದ ಮಾತು. ಅವನ ಬೆನ್ನಿಗೆ ಮಣ್ಣು ಹಚ್ಚಿದವರಿರಲಿಲ್ಲ. ದೇವರಿಗಾಗಲಿ ಗುರುವಿಗಾಗಲಿ ಅವನು ತಲೆ ಬಾಗಿದ್ದನ್ನು ಕಂಡವರೂ ಇರಲಿಲ್ಲ.

ಅಂಥವನ ಹೆಂಡತಿ ನಿಂಬೆವ್ವ ಮೂರು ದಿನದ ಜ್ವರದಲ್ಲಿ ತೀರಿಹೋದಳು. ಮಕ್ಕಳಿಲ್ಲ. ಉಳಿದದ್ದು ಒಂದೇ: ಅವಳು ಮದುವೆಯಾದ ವರ್ಷ ತವರಿನಿಂದ ಸೆರಗಿನಲ್ಲಿ ಸುತ್ತಿ ತಂದು ಹಿತ್ತಿಲಿನಲ್ಲಿ ನೆಟ್ಟ ನಂದಿಬಟ್ಟಲಿನ ಕಡ್ಡಿ. ಅದು ಆಳೆತ್ತರ ಬೆಳೆದು, ಹನ್ನೆರಡು ತಿಂಗಳೂ ಹಸಿರಾಗಿದ್ದು, ಬೆಳಗಾದರೆ ಮೈತುಂಬ ಬಿಳಿ ಹೂವು ಬಿಡುತ್ತಿತ್ತು. ಅವಳು ಹೋದ ಮೇಲೆ ಗಿಡ ಬಾಡತೊಡಗಿತು. ಗದಿಗೆಪ್ಪನ ಜೀವ ಬಾಯಿಗೆ ಬಂತು. ಅವಳನ್ನಂತೂ ಉಳಿಸಿಕೊಳ್ಳಲಾಗಲಿಲ್ಲ, ಇದನ್ನಾದರೂ ಉಳಿಸಿಕೊಳ್ಳಬೇಕು.

ಪೈಲವಾನನಿಗೆ ಗೊತ್ತಿದ್ದ ಆರೈಕೆ ಒಂದೇ. ಬೆಳಿಗ್ಗೆ ಒಂದು ಚರಿಗೆ ಬಾದಾಮಿ ಅರೆದ ಹಾಲು, ಸಂಜೆ ಪಾವು ತುಪ್ಪ. ತಾನು ಕುಡಿಯುವುದನ್ನು ಬಿಟ್ಟು ಎಲ್ಲವನ್ನೂ ಗಿಡದ ಬುಡಕ್ಕೆ ಸುರಿದ. ಏಳೂರಿನ ಇರುವೆಗಳು ಪಂಢರಪುರಕ್ಕೆ ಹೊರಟವರ ಹಾಗೆ ದಿಂಡಿ ಕಟ್ಟಿಕೊಂಡು ಬಂದವು. ಗರಡಿಯ ಗೆಳೆಯರು, "ಹಂಗ ಒಂದು ಲಂಗೋಟಿನೂ ಕಟ್ಟಿಬಿಡಲೇ ಗದಿಗ್ಯಾ, ಮುಂದಿನ ಕುಸ್ತಿಗೆ ಇಳಸೋಣು" ಎಂದು ನಕ್ಕರು. ಗಿಡ ಮಾತ್ರ ಹಳದಿಯಾದ ಎಲೆ ಉದುರಿಸುತ್ತಲೇ ಹೋಯಿತು.

ಕೊನೆಗೆ ಯಾರೋ ಹೇಳಿದರೆಂದು, ಬುಡದ ಒಂದು ಹೆಂಟೆ ಮಣ್ಣು ಟವೆಲಿನಲ್ಲಿ ಕಟ್ಟಿಕೊಂಡು ಅಡವಯ್ಯಜ್ಜನವರ ಗುಡಿಸಲಿಗೆ ಬಂದ. ಅಜ್ಜನವರು ಹಿಂದುಗಡೆ ಕುಕ್ಕರಗಾಲಿನಲ್ಲಿ ಕುಳಿತು, ಬೂದಿ ಹಚ್ಚಿ ಗಡಿಗೆ ತಿಕ್ಕುತ್ತಿದ್ದರು.

"ಏನ್ರೀ ಅಜ್ಜಾರ, ಸ್ವಾಮಿ ಆಗಿ ಮುಸುರಿ ತಿಕ್ಕತೀರಲ್ಲ!" ಎಂದ ಗದಿಗೆಪ್ಪ.

"ಉಂಡೀನಲ್ಲಪಾ" ಎಂದರು ಅಜ್ಜನವರು.

ಟವೆಲು ಬಿಚ್ಚಿದ. ಅವರು ಮಣ್ಣನ್ನು ಮೂಸಿ ನೋಡಿದರು. ಒಡೆದ ಹಾಲಿನ ಹುಳಿ ವಾಸನೆ. ಹಾಕಿದ್ದನ್ನೆಲ್ಲ ಅವನು ಎದೆಯುಬ್ಬಿಸಿ ಹೇಳಿದ. ಅವರು ಎಲ್ಲವನ್ನೂ ಕೇಳಿ, ಮೆಲ್ಲಗೆ ಕೇಳಿದರು: "ನಿಂಬೆವ್ವ ಏನ ಹಾಕ್ತಿದ್ಲು?"

ಗದಿಗೆಪ್ಪ ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದು ಅದನ್ನು ನೋಡಿರಲಿಲ್ಲ. ನೆನೆದು ನೆನೆದು ಹೇಳಿದ: "ಏನೂ ಹಾಕ್ತಿರಲಿಲ್ರೀ. ತಿಕ್ಕೋ ಕಲ್ಲು ಅಲ್ಲೇ ಮಗ್ಗಲಕ ಐತಿ. ಮುಸುರಿ ನೀರು ತಾನ ಹರದು ಹೋಗ್ತಿತ್ತು."

"ಈಗ?"

ಅವಳು ಹೋದಂದಿನಿಂದ, ಎಂಟು ತಿಂಗಳು, ಆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಗರಡಿಯಲ್ಲಿ ಯಾರೋ ಕೊಟ್ಟ ರೊಟ್ಟಿಯನ್ನು ನಿಂತೇ ತಿಂದು ಬರುತ್ತಿದ್ದ. ಒಲೆಯ ಮುಂದೆ ಕೂಡುವ ಧೈರ್ಯ ಅವನಿಗಿರಲಿಲ್ಲ.

"ಹುಳಿ ಮಣ್ಣು ತಗದು ಹೊಸಾ ಮಣ್ಣು ಹಾಕು. ಒಣಗಿದ್ದು ಕತ್ತರಿಸು" ಎಂದರು ಅಜ್ಜನವರು. "ಆಮ್ಯಾಲ ಒಲಿ ಹಚ್ಚು. ಉಣ್ಣು. ತಿಕ್ಕು."

"ಹಾಲು ತುಪ್ಪಕ್ಕ ಬದುಕದ್ದು ಮುಸುರಿ ನೀರಿಗೆ ಬದುಕತೈತೇನ್ರೀ?"

ಅಜ್ಜನವರು ನಕ್ಕು, ಅರ್ಧ ತಿಕ್ಕಿದ ಗಡಿಗೆಯನ್ನು ಅವನ ಕೈಗಿತ್ತರು. ಎದುರು ಬಂದ ಮಲ್ಲರನ್ನೆಲ್ಲ ಎತ್ತಿ ಒಗೆದ ಆ ಕೈಗಳಿಗೆ ಒಂದು ಗಡಿಗೆ ಹಿಡಿಯಲು ಬರಲಿಲ್ಲ, ಎರಡು ಸಲ ಜಾರಿತು.

ಮಾರನೆಯ ದಿನ ಗದಿಗೆಪ್ಪ ಮಣ್ಣು ಬದಲಿಸಿದ. ಒಣಗಿದ ಟೊಂಗೆಗಳನ್ನು ಕತ್ತರಿಸಿದ. ಒಂದೊಂದನ್ನು ಕತ್ತರಿಸುವಾಗಲೂ "ತಪ್ಪು ತಿಳಕೋಬ್ಯಾಡ" ಎನ್ನುತ್ತಿದ್ದ. ಆಮೇಲೆ ಒಲೆಯ ಮುಂದೆ ಕುಳಿತ. ಅವಳ ಊದುಗೊಳವೆ ಗೋಡೆಗೆ ಒರಗಿಕೊಂಡೇ ಇತ್ತು. ಹೊಗೆಗೆ ಕಣ್ಣೀರು ಬಂತೆಂದು ಅವನು ಹೇಳುತ್ತಿದ್ದ. ಒಲೆ ಹಚ್ಚುವ ಮೊದಲೇ ಬಂದಿತ್ತು. ಅಂದಿನ ರೊಟ್ಟಿಯಿಂದ ಕುದುರೆಗೆ ಲಾಳ ಹೊಡೆಯಬಹುದಿತ್ತು. ಆದರೂ ಕುಳಿತು ಉಂಡ. ಕಲ್ಲಿನ ಮೇಲೆ ತಾಟು, ಹಂಚು ತಿಕ್ಕಿದ. ಬೂದಿ ಕಲಸಿದ ನೀರು ಹಳೆಯ ದಾರಿಯಲ್ಲೇ ಹರಿದು ಗಿಡದ ಬುಡ ಸೇರಿತು.

ಹೀಗೆ ದಿನವೂ ಉಂಡ, ದಿನವೂ ತಿಕ್ಕಿದ. ರೊಟ್ಟಿ ಮೆತ್ತಗಾಗುತ್ತ ಬಂದ ಹಾಗೆ ಟೊಂಗೆಗಳಲ್ಲಿ ಚಿಗುರು ಕಾಣಿಸಿತು. ಶ್ರಾವಣದ ಒಂದು ಮಧ್ಯಾಹ್ನ ಅಜ್ಜನವರು ತಾವಾಗಿಯೇ ಹೊಸ್ತಿಲಲ್ಲಿ ನಿಂತಿದ್ದರು. "ಗದಿಗೆಪ್ಪಾ, ಹಸಿವಾಗೇತಿ."

ಕುಳಿತು ಎರಡು ರೊಟ್ಟಿ ಪ್ರಸಾದ ಮಾಡಿದರು. ಬೇಡವೆಂದರೂ ಕೇಳದೆ ತಮ್ಮ ತಾಟನ್ನು ತಾವೇ ಒಯ್ದು ತೊಳೆದರು. ಹಿಂದೆ ಹೋದ ಗದಿಗೆಪ್ಪ ಕಂಡ: ಬೆಳಿಗ್ಗೆ ಬರೀ ಮೊಗ್ಗಿದ್ದ ಗಿಡದ ತುಂಬ ಹೂವು, ಹಿತ್ತಿಲಿನಲ್ಲಿ ಬೆಳದಿಂಗಳು ಚೆಲ್ಲಿದ ಹಾಗೆ. ಅಜ್ಜನವರು ತಾಟಿನ ಕಡೆಯ ಹನಿಯನ್ನು ಬುಡಕ್ಕೆ ಹಾಕಿ ಹೇಳಿದರು: "ಒಬ್ಬಾಂವ ಉಂಡ ತಾಟಿನ ನೀರಿಗೆ ಇಷ್ಟು ಹೂವು ನೋಡಪಾ."

ಗದಿಗೆಪ್ಪ ಆ ಕೆಸರಿನಲ್ಲೇ ಅಡ್ಡಬಿದ್ದ. ಬೆನ್ನಿಗೆ ಮಣ್ಣು ಕಾಣದವನ ಹಣೆಗೆ, ಎದೆಗೆ ಮಣ್ಣು ಮೆತ್ತಿತು. ಅಜ್ಜನವರು ಎಬ್ಬಿಸಿ, ಒಂದು ಹೂವು ಕಿತ್ತು ಅವನ ಕಿವಿಯ ಮೇಲಿಟ್ಟು ಹೊರಟುಹೋದರು.

ಮರುದಿನ ಅವನು ಸಂತೆಗೆ ಹೋಗಿ ಹತ್ತು ತಾಟು ತಂದ. ಎರೆಗೊಪ್ಪದ ಹಾದಿ ಹಿಡಿದವರಾರೂ ಅಲ್ಲಿಂದ ಮುಂದೆ ಹಸಿದು ಹೋಗಲಿಲ್ಲ. ಗಿಡವೂ ಮನೆಯ ಮಾಳಿಗೆ ದಾಟಿ, ಮೂರು ಊರಿನ ಪೂಜೆಗೆ ಹೂವು ಕೊಟ್ಟಿತು. ಬಿಸಿಲಿನಲ್ಲಿ ಯಾರಾದರೂ ನಡೆದು ಬರುವುದು ಕಂಡರೆ ಸಾಕು, ಆ ದೊಡ್ಡ ಪೈಲವಾನ ಹಾದಿಗೆ ಅಡ್ಡ ನಿಂತು ಕೈಮುಗಿಯುತ್ತಿದ್ದ:

"ಬರ್ರಿ, ಒಂದು ತುತ್ತು ಉಂಡು ಹೋಗ್ರಿ. ನಮ್ಮ ನಿಂಬೆವ್ವನ ಗಿಡಕ್ಕ ನೀರು ಬೇಕಾಗೇತಿ."