ಮೇಲ್ವಿಚಾರಕರ ಅನುಮತಿ ಇಲ್ಲ

“ಗುರುಗಳೇ, ನಮ್ಮ ಕೈಕೆಳಗಿನವರು ತಪ್ಪೇ ಮಾಡಲಾಗದಂತೆ ಕಟ್ಟುನಿಟ್ಟು ಮಾಡಿಬಿಟ್ಟರೆ, ಅದು ಅವರಿಗೆ ಮಾಡುವ ಉಪಕಾರವಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ. ಆಶ್ರಮದ ಶಾಲೆಯ ಕಂಪ್ಯೂಟರ್ ಕೊಠಡಿಯನ್ನು ನೋಡಿಕೊಳ್ಳುವವನು ಅವನೇ. ಗುರುಗಳು ನಕ್ಕು ಈ ಕತೆ ಹೇಳಿದರು.

ಒಂದು ಕಚೇರಿಯಲ್ಲಿ ಕಂಪ್ಯೂಟರ್‌ಗಳ ಮೇಲ್ವಿಚಾರಕನೊಬ್ಬನಿದ್ದ. ಒಳ್ಳೆಯವನು, ಆದರೆ ಮುಂಗೋಪಿ. ಪರದೆಯ ಕೆಳಗೆ ಟಾಸ್ಕ್‌ಬಾರ್ ಎಂಬ ಪಟ್ಟಿ ಇರುತ್ತದಲ್ಲ, ಕೆಲಸದ ಗುಂಡಿಗಳೆಲ್ಲ ಇರುವುದು ಅದರಲ್ಲೇ. ಕಚೇರಿಯವರು ಕೈತಪ್ಪಿ ಅದನ್ನು ಒಮ್ಮೆ ಪಕ್ಕಕ್ಕೆ ಎಳೆಯುವರು, ಒಮ್ಮೆ ಮರೆಮಾಡುವರು. ಆಮೇಲೆ “ಸರ್, ಪಟ್ಟಿ ಓಡಿಹೋಯಿತು!” ಎಂದು ಕೂಗುವರು. ಇವನು ಊಟ ಬಿಟ್ಟು ಎದ್ದು ಹೋಗಬೇಕು. ಕಡೆಗೆ ಸಾಕಾಗಿ, ತನ್ನ ಜಾಗದಲ್ಲೇ ಕುಳಿತು ಒಂದು ನಿಯಮ ಹಾಕಿದ: ಎಲ್ಲರ ಪಟ್ಟಿಯೂ ಕೆಳಗೇ ಇರಬೇಕು, ಯಾರೂ ಕದಲಿಸುವಂತಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಕೂಗು ನಿಂತಿತು. ಅವನು ನೆಮ್ಮದಿಯಾಗಿ ಉಂಡ.

ಅಲ್ಲಿ ಹಿರಿಯ ಹೆಂಗಸೊಬ್ಬರು ಗುಮಾಸ್ತೆಯಾಗಿದ್ದರು. ಅವರನ್ನು ಕಂಡರೆ ಇವನಿಗೆ ತಾಯಿಯನ್ನು ಕಂಡಷ್ಟು ಅಕ್ಕರೆ; ಅವರು ಡಬ್ಬಿಯಿಂದ ತೆಗೆದುಕೊಡುವ ಚಟ್ನಿಪುಡಿಯ ಮೇಲೂ ಅಷ್ಟೇ ಅಕ್ಕರೆ. ಸ್ವಲ್ಪ ಕಾಲಕ್ಕೆ ಅವರು ಕೆಲಸ ಬಿಡುತ್ತಾರೆಂಬ ಸುದ್ದಿ ಬಂತು. ಮೇಲ್ವಿಚಾರಕ ಕೂಡಲೇ ಅವರ ಬಳಿ ಹೋಗಿ ಕೇಳಿದ.

“ಕಣ್ಣು ಕೆಟ್ಟಿತಪ್ಪ. ಕಾಯಿಲೆಯಾದಾಗಿನಿಂದ ಕೆಳಗಿನದೆಲ್ಲ ಮಬ್ಬು. ಒಮ್ಮೆ ಕೈತಪ್ಪಿ ಪಟ್ಟಿ ಪರದೆಯ ಮೇಲ್ಗಡೆಗೆ ಹೋಗಿತ್ತು. ಚೆನ್ನಾಗಿ ಕಂಡಿತು, ಹಾಗೇ ಬಿಟ್ಟುಕೊಂಡಿದ್ದೆ. ಈಗ ಮತ್ತೆ ಕೆಳಗೆ ಬಂದು ಕೂತಿದೆ. ತಡಕಾಡಿ ತಡಕಾಡಿ ಎಲ್ಲವೂ ತಪ್ಪುತ್ತಿದೆ. ಅನ್ನ ಕೊಟ್ಟ ಕೆಲಸವನ್ನು ಕೆಡಿಸಬಾರದು.”

“ನನಗೊಂದು ಮಾತು ಹೇಳಬಾರದಿತ್ತೇನಮ್ಮಾ?”

“ಮೇಲಕ್ಕೆ ಎಳೆಯಲು ಹೋದೆ. ಮೇಲ್ವಿಚಾರಕರ ಅನುಮತಿ ಇಲ್ಲ ಅಂತ ಪರದೆ ಮೇಲೆ ಬಂತು. ನೀನೇ ಬೇಡ ಅಂದ ಮೇಲೆ ನಿನ್ನನ್ನೇ ಹೇಗಪ್ಪಾ ಕೇಳಲಿ?”

ಆ ಸಾಲನ್ನು ಅವನು ಬರೆದಿರಲಿಲ್ಲ. ನಿಯಮ ಹಾಕಿದರೆ ಯಂತ್ರವೇ ಹಾಗೆ ತೋರಿಸುತ್ತದೆ. ಆದರೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ತನ್ನ ಜಾಗಕ್ಕೆ ಹೋಗಿ ಅವರ ಕಂಪ್ಯೂಟರನ್ನು ನಿಯಮದಿಂದ ಬಿಡಿಸಿದ. ಮರಳಿ ಬಂದು ಪಕ್ಕದಲ್ಲಿ ಕುಳಿತು, ತಾನೇ ಪಟ್ಟಿಯನ್ನು ಮೇಲಕ್ಕೆ ಎಳೆದಿಟ್ಟ. ಆ ತಾಯಿ ಗುಂಡಿಗಳನ್ನು ಒಂದೊಂದಾಗಿ ನೋಡಿದರು. “ಅಯ್ಯೋ, ಕಣ್ಣು ಇನ್ನೂ ಇದೆಯಲ್ಲೋ!” ಎಂದು ನಕ್ಕರು. ಕೆಲಸ ಬಿಡಲಿಲ್ಲ.

ಕತೆ ಮುಗಿಯಿತು. ಶಿಷ್ಯ, “ಹಾಗಾದರೆ ನಮ್ಮ ಕೊಠಡಿಯಲ್ಲಿ ನಾನು ಹಾಕಿರುವ ನಿಯಮಗಳನ್ನೆಲ್ಲ ತೆಗೆದುಬಿಡಲೇ?” ಎಂದ.

ಗುರುಗಳು ಅವನ ತಲೆ ಸವರಿ ಹೇಳಿದರು: “ನಿಯಮ ಇರಲಿ ಮಗು, ಅದನ್ನು ಹಾಕಿದ ಮೇಲೆ ಶಾಲೆಯ ಒಂದು ಮಗುವಾದರೂ ತೊಂದರೆಯೆಂದು ನಿನ್ನನ್ನು ಕರೆದಿದೆಯೇ?”

ಶಿಷ್ಯ ಎದ್ದು, ಮಕ್ಕಳನ್ನೇ ಕೇಳಲು ಕಂಪ್ಯೂಟರ್ ಕೊಠಡಿಯ ಕಡೆ ನಡೆದ.